ಹೊಟ್ಟೆ ಹುಣ್ಣಿಗೆ ಎರಡನೇ ಸಲವೂ ಅದೇ ಕಿಟ್ ಬರೆದರೆ, ಕೇಳದೆ ನುಂಗಬೇಡಿ

ಶಿರಸಿ ಕಡೆ ಹೊಟ್ಟೆ ಉರಿದರೆ ಮೊದಲು ಬರುವ ಮಾತು 'ಪಿತ್ತ'. ತಂಬುಳಿ, ಮಜ್ಜಿಗೆ, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ ಆಸಿಡ್ ಮಾತ್ರೆ ಪ್ಯಾಂಟೊಪ್ರಜೋಲ್. ನಮ್ಮ ಭಾವನದೂ ಹಾಗೇ ಶುರುವಾದದ್ದು. ಕೊನೆಗೆ ಎಂಡೋಸ್ಕೋಪಿ ಮಾಡಿಸಿದರೆ ಹುಣ್ಣು, ಜೊತೆಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಇದೇ ರೋಗಾಣು ಹೊಟ್ಟೆ ಕೆಡಿಸುತ್ತದೆಂದು ತೋರಿಸಲು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾನೇ ಕುಡಿದ. 2005ರಲ್ಲಿ ನೊಬೆಲ್ ಬಂತು. ನಮ್ಮೂರಲ್ಲಿ ಇನ್ನೂ ಬೈಗುಳವೆಲ್ಲ ಮೆಣಸಿನಕಾಯಿಗೇ.

ಡಾಕ್ಟರು 14 ದಿನಕ್ಕೆ ಕಿಟ್ ಬರೆದರು: ಅಮಾಕ್ಸಿಸಿಲಿನ್, ಕ್ಲಾರಿಥ್ರೋಮೈಸಿನ್ ಎಂಬ ಎರಡು ಆಂಟಿಬಯೋಟಿಕ್, ಜೊತೆಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ. ಬಾಯೆಲ್ಲ ಕಹಿ ಅಂತ ಗೊಣಗಿದರೂ ಭಾವ ಒಂದು ಹೊತ್ತೂ ತಪ್ಪಿಸಲಿಲ್ಲ. ಸ್ವಲ್ಪ ಕಾಲ ಅಡ್ಡಿಲ್ಲ ಅನ್ನಿಸಿತು, ಆಮೇಲೆ ಉರಿ ವಾಪಸ್. ಆಗ ಮಾಡಿಸಿದ್ದು ರಕ್ತದ ಆಂಟಿಬಾಡಿ ಪರೀಕ್ಷೆ, ಅಂದರೆ ರೋಗಾಣುವಿನ ವಿರುದ್ಧ ಮೈ ತಯಾರಿಸಿದ ಅಂಶ ಹುಡುಕುವ ಪರೀಕ್ಷೆ. ಪಾಸಿಟಿವ್ ಬಂತು, ಮತ್ತೆ ಅದೇ ಕಿಟ್ ಕೈಗೆ ಬಂತು. ರೋಗಾಣು ಸತ್ತ ಮೇಲೂ ಆಂಟಿಬಾಡಿ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ, ಮದ್ದು ಹಿಡಿಯಿತೋ ಇಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ ಅಂತ ನಮಗೆ ಯಾರೂ ಹೇಳಲಿಲ್ಲ.

ಎರಡನೇ ಕಿಟ್ ಮುಗಿದ ಮೇಲೆ ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯೊಂದಿಗೆ ಹೋಗತೊಡಗಿತು. ಹುಣ್ಣಿನಿಂದ ರಕ್ತ ಸೋರುತ್ತಿತ್ತು. ಮೆಟ್ಟಿಲು ಹತ್ತಲೂ ಏದುಸಿರು. ರಾತ್ರೋರಾತ್ರಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರು ಮೊದಲು ಕೇಳಿದ್ದು ಹಳೆಯ ಚೀಟಿಗಳನ್ನು. ಅಕ್ಕ ಎಲ್ಲವನ್ನೂ ಒಂದು ಜವಳಿ ಅಂಗಡಿ ಕವರಿನಲ್ಲಿ ತುಂಬಿಟ್ಟಿದ್ದಳು, ಪುಣ್ಯ. ಕೆಮ್ಮಿಗೆಂದು ಪ್ರತಿ ಮಳೆಗಾಲ ಅಜಿಥ್ರೋಮೈಸಿನ್. ಭೇದಿಗೆಂದು ನಾರ್‌ಫ್ಲಾಕ್ಸಸಿನ್-ಟಿನಿಡಜೋಲ್. ಅಜಿಥ್ರೋಮೈಸಿನ್ ಮತ್ತು ಕ್ಲಾರಿಥ್ರೋಮೈಸಿನ್ ಒಂದೇ ಕುಟುಂಬದವು. ಒಂದಕ್ಕೆ ಪಳಗಿದ ರೋಗಾಣು ಇನ್ನೊಂದಕ್ಕೂ ಸಾಮಾನ್ಯವಾಗಿ ಜಗ್ಗುವುದಿಲ್ಲ. ಕ್ಲಾರಿಥ್ರೋಮೈಸಿನ್‌ಗೆ ಬಗ್ಗದ ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೊಸ ಔಷಧ ತುರ್ತಾಗಿ ಬೇಕಾದ ರೋಗಾಣುಗಳ ಪಟ್ಟಿಗೆ ಸೇರಿಸಿತ್ತು. ಒಮ್ಮೆ ಸೋತ ಕ್ಲಾರಿಥ್ರೋಮೈಸಿನ್ ಮತ್ತೆ ಕೊಡುವುದರಲ್ಲಿ ಅರ್ಥವಿಲ್ಲ ಅಂದರು. ಅಮಾಕ್ಸಿಸಿಲಿನ್ ಮಾತು ಬೇರೆ, ಅದಕ್ಕೆ ಪ್ರತಿರೋಧ ಕಡಿಮೆಯಂತೆ.

ರಕ್ತಸ್ರಾವ ನಿಂತ ಮೇಲೆ ಬರೆದದ್ದು ಬೇರೆಯದೇ: ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಆಸಿಡ್ ಮಾತ್ರೆ, ಮತ್ತೆ 14 ದಿನ. ಟಿನಿಡಜೋಲ್ ಕುಟುಂಬದ ಮೆಟ್ರೊನಿಡಜೋಲ್ ಯಾಕೆ ಅಂತ ಕೇಳಿದೆ. ಬಿಸ್ಮತ್ ಜೊತೆಗಿದ್ದು, ಡೋಸ್ ಪೂರ್ತಿಯಿದ್ದು, ದಿನ ತಪ್ಪದಿದ್ದರೆ ಪ್ರತಿರೋಧವಿದ್ದರೂ ಹೆಚ್ಚಾಗಿ ಕೆಲಸ ಮಾಡುತ್ತದಂತೆ. ಟೆಟ್ರಾಸೈಕ್ಲಿನ್ ಜೊತೆ ಹಾಲು, ಮೊಸರು ಕೂಡದು. ಚಹಾ ಬಿಡದ ಭಾವನಿಗೆ ದೊಡ್ಡ ಶಿಕ್ಷೆ. ನಡುವೆ ಅಕ್ಕನ ಫೋನು: "ಮತ್ತೆ ಕಪ್ಪಗೆ ಹೋಗ್ತಾ ಇದ್ದಡ ತಮಾ!" ಬಿಸ್ಮತ್‌ನಿಂದ ಮಲವೂ ನಾಲಗೆಯೂ ಕಪ್ಪಾಗುತ್ತವೆ, ಹೆದರಬೇಕಿಲ್ಲ. ಆದರೆ ಅಂಟು, ದುರ್ವಾಸನೆ, ತಲೆಸುತ್ತು ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಮದ್ದು ಮುಗಿದ ಮೇಲೆ ಗುಣವಾಯಿತೇ ಅಂತ ನೋಡಲು ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜೆನ್ ಪರೀಕ್ಷೆ ಕೇಳಿ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರ ಕಳೆದಿರಬೇಕು, ಪರೀಕ್ಷೆಗೆ ಮೊದಲು ಎರಡು ವಾರ ಪ್ಯಾಂಟೊಪ್ರಜೋಲ್ ಮುಟ್ಟಿರಬಾರದು. ಮುಟ್ಟಿದರೆ ರೋಗಾಣು ಇದ್ದೂ ನೆಗೆಟಿವ್ ಬರಬಹುದು. ಆದರೆ ರಕ್ತ ಸೋರಿದವರು ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ.

ಭಾವನಿಗೆ ನೆಗೆಟಿವ್ ಬಂದಿದೆ. ಅಡಿಕೆ ಕೊನೆಕೊಯ್ಲಿನ ಮೈನೋವಿಗೆ ನುಂಗುತ್ತಿದ್ದ ಡೈಕ್ಲೋಫೆನಾಕ್‌ ಕೂಡ ಬಂದ್ ಮಾಡಿಸಿದ್ದಾರೆ, ಹುಣ್ಣಿಗೆ ಅದೂ ಕಾರಣವಾಗುತ್ತದೆ ಅಂತ.