ಕೌಲ್ ಬಜಾರ್ ಕಡೆ ನಾಣ್ಯದಂಗಡಿ: ಮಾಲು ಚಲೋ, ರೇಟು ನೋಡ್ಕೊಳ್ರಿ
ಬಳ್ಳಾರಿ ಕೌಲ್ ಬಜಾರ್ ಕಡೆ ಹಳೇ ನಾಣ್ಯ ಮಾರೋ ಸಣ್ಣ ಅಂಗಡಿ ಐತಿ, ಅಮೆರಿಕದ ಮರ್ಕ್ಯುರಿ ಡೈಮ್ ಅನ್ನೋ ಹತ್ತು ಸೆಂಟಿನ ನಾಣ್ಯ (1916-1945, 90% ಬೆಳ್ಳಿ) ಸುದ್ದಾ ಇಟ್ಟಾರ. ಲೂಪ್ (ಸಣ್ಣ ಭೂತಗನ್ನಡಿ) ಕೊಟ್ಟು ಆರಾಮಾಗಿ ನೋಡಾಕ ಬಿಡ್ತಾರ, ಅದು ಇಷ್ಟ ಆತು. ಆದ್ರ ಹೊಳೆಯೋದಕ್ಕೆಲ್ಲಾ 'ಫುಲ್ ಬ್ಯಾಂಡ್ಸ್' ರೇಟ್ ಹೇಳ್ತಾರ, ಅದು ಒಪ್ಪಂಗಿಲ್ರಿ, ಫುಲ್ ಬ್ಯಾಂಡ್ಸ್ ಅನ್ನಾಕ ನಾಣ್ಯದ ಹಿಂದ್ಗಡೆ ಇರೋ ಕಡ್ಡಿಕಟ್ಟಿನ ಚಿತ್ರದ ನಡುವಿನ ಎರಡು ಪಟ್ಟಿ ಈ ತುದಿಯಿಂದ ಆ ತುದಿ ತನಕ ಬ್ಯಾರೆ ಬ್ಯಾರೆ ಕಾಣ್ಬೇಕು, ಅಚ್ಚು ಸರಿಯಾಗಿ ಬಿದ್ದಿಲ್ಲಂದ್ರ ನಾಣ್ಯ ಎಷ್ಟೇ ಹೊಸಾದಿದ್ರೂ ಅವು ಅಂಟ್ಕೊಂಡೇ ಇರ್ತಾವ. ಅಲ್ಲಿದ್ದ 1945ರದ್ದು ಹಂಗೇ ಇತ್ತು. ಆ ವರ್ಷ ಫಿಲಡೆಲ್ಫಿಯಾ ಟಂಕಸಾಲ್ಯಾಗ ಕೋಟಿಗಟ್ಲೆ ಹೊಡದ್ರೂ ಫುಲ್ ಬ್ಯಾಂಡ್ಸ್ ಇರೋದು ಸಿಗೋದು ಭಾಳ ಅಪರೂಪ, ಅದಕ್ಕ ರೇಟಿನ್ಯಾಗ ಆಕಾಶ-ಭೂಮಿ ವ್ಯತ್ಯಾಸ. ನಾಣ್ಯ ಪರೀಕ್ಷೆ ಮಾಡಿ ಡಬ್ಬಿಯೊಳಗ ಸೀಲ್ ಮಾಡಿ ಕೊಡೋ ಪಿಸಿಜಿಎಸ್ ಇಲ್ಲಾ ಎನ್‌ಜಿಸಿ ಕಂಪನಿ ಡಬ್ಬಿ ಮ್ಯಾಲೆ 'ಎಫ್‌ಬಿ' (ಫುಲ್ ಬ್ಯಾಂಡ್ಸ್) ಅಂತ ಇದ್ರಷ್ಟೇ ಆ ದುಡ್ಡು ಕೊಡ್ರಿ. ಆಲ್ಬಂ ತುಂಬ್ಸಾಕ ಸಾದಾ ನಾಣ್ಯ ಇಲ್ಲೇ ತಗೋಬಹುದು, ಚೌಕಾಸಿ ಮಾಡಿದ್ರ ಇಳಿಸ್ತಾರ.