ಹಂಪಿಯ ಒಂದು ದಿನದ ಗೈಡೆಡ್ ಟೂರ್: ದುಡ್ಡು ಕೊಡುವ ಮೊದಲು ಓದಿ

ಹೊಸಪೇಟೆಯಿಂದ ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ತಂದು ಬಿಡುವ ಹಂಪಿ ಟೂರುಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಕಡಲೆಕಾಳು ಗಣೇಶ, ವಿರೂಪಾಕ್ಷ, ಕೃಷ್ಣ ದೇವಸ್ಥಾನ, ಲಕ್ಷ್ಮೀನರಸಿಂಹ, ಬಡವಿಲಿಂಗ, ಕಮಲ ಮಹಲು, ಆನೆಲಾಯ, ಹಜಾರರಾಮ, ಮಹಾನವಮಿ ದಿಬ್ಬ, ರಾಣಿ ಸ್ನಾನಗೃಹ, ವಿಠ್ಠಲ. ಕೊನೆಗೆ, ಸಮಯ ಉಳಿದರೆ, ಕಮಲಾಪುರದ ಮ್ಯೂಸಿಯಂ.

ಟೂರು ಕೆಡುವುದು ಆ "ಸಮಯ ಉಳಿದರೆ" ಎಂಬಲ್ಲೇ. ಮ್ಯೂಸಿಯಂ ಅಂಗಳದಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ. ಗುಡ್ಡ, ತುಂಗಭದ್ರೆ, ಕೋಟೆಗೋಡೆ, ದಾರಿ, ಗುಡಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ನದಿದಂಡೆಯ ಗುಡಿಗಳ ಭಾಗ ಬೇರೆ, ಅರಮನೆಗಳ ಭಾಗ ಬೇರೆ, ನಡುವೆ ಕಾಲುವೆ ನೀರಿನ ಗದ್ದೆಗಳು ಎನ್ನುವುದನ್ನು ಬೆಳಿಗ್ಗೆ ಇಪ್ಪತ್ತು ನಿಮಿಷ ಇಲ್ಲಿ ನಿಂತು ತಿಳಿದುಕೊಂಡರೆ ಆಮೇಲೆ ನೋಡುವ ಪ್ರತಿ ಕಲ್ಲಿಗೂ ಒಂದು ಜಾಗ ಸಿಗುತ್ತದೆ. ಸಂಜೆ ಕಾಲು ಸೋತವರನ್ನು ಇದರ ಸುತ್ತ ಒಂದು ಸುತ್ತು ಹಾಕಿಸಿ ಬಸ್ಸು ಹತ್ತಿಸಿದರೆ ಏನು ಪ್ರಯೋಜನ? ಇನ್ನೊಂದು ಮಾತು: ಮ್ಯೂಸಿಯಂಗೆ ಶುಕ್ರವಾರ ರಜೆ. ಬುಕ್ ಮಾಡುವಾಗ ವಾರ ನೋಡಿಕೊಳ್ಳಿ.

ಎರಡನೇ ತೊಂದರೆ ಕಥೆಗಳದ್ದು. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನಿಂತು "ಇದು ಏಕಶಿಲೆ" ಎನ್ನುವ ಗೈಡುಗಳು ಇವತ್ತಿಗೂ ಇದ್ದಾರೆ. ಅಲ್ಲ. ಹಲವು ಕಲ್ಲುಗಳನ್ನು ಕೂಡಿಸಿ ಕಟ್ಟಿದ ಗರುಡನ ಗುಡಿ ಅದು. ಸಂದುಗಳು ಕೆತ್ತನೆಯ ಗೆರೆಗಳೊಳಗೆ ಅಡಗಿವೆ. ಹತ್ತಿರದಿಂದ, ಓರೆ ಬಿಸಿಲಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಮುಂದಿರುವ ಆನೆಗಳೂ ಮೂಲದವಲ್ಲ. ಆನೆಯ ಹಿಂಬದಿಗೆ ಬಗ್ಗಿ ನೋಡಿ: ಕುದುರೆಯ ಹಿಂಗಾಲು, ಬಾಲದ ಗುರುತು ಉಳಿದಿದೆ. ರಥದ ಮೇಲೆ ಇಟ್ಟಿಗೆಯ ಶಿಖರವೂ ಇತ್ತು, 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದು ಕಾಣುತ್ತದೆ. ಈ ರಥದ ಚಿತ್ರವಿರುವ ಐವತ್ತು ರೂಪಾಯಿ ನೋಟು ಹಿಡಿದು ಫೋಟೋ ತೆಗೆಸಲು ಕಾಲು ಗಂಟೆ ಕೊಡುವ ಗೈಡು ಇದನ್ನು ತೋರಿಸಲು ಎರಡು ನಿಮಿಷ ಕೊಡಬಾರದೇ?

ಅದೇ ದೇವಸ್ಥಾನದ ಸಂಗೀತದ ಕಂಬಗಳ ವಿಷಯವೂ ಅಷ್ಟೇ. ಒಳಗೆ ಟೊಳ್ಳು, ಏನೋ ತುಂಬಿದ್ದಾರೆ ಎನ್ನುವುದೆಲ್ಲ ಸುಳ್ಳು. ದಪ್ಪ ಕಂಬದ ಸುತ್ತ ಅದೇ ಬಂಡೆಯಿಂದ ಬಿಡಿಸಿದ ತೆಳು ಕಂಬಗಳು ಗಟ್ಟಿ ಕಲ್ಲಿನವೇ. ತಟ್ಟಿದಾಗ ನಡುಗುತ್ತವೆ, ದಪ್ಪ ಮತ್ತು ಉದ್ದ ಬದಲಾದಂತೆ ಸ್ವರ ಬದಲಾಗುತ್ತದೆ. ತಟ್ಟುವುದು ಈಗ ನಿಷೇಧ, ಕಂಬಗಳು ಸವೆದು ಹಾಳಾಗಿವೆ. "ಯಾರೂ ನೋಡುತ್ತಿಲ್ಲ, ಒಂದು ಸಲ ಕೇಳಿಸುತ್ತೇನೆ" ಎನ್ನುವ ಗೈಡು ಸಿಕ್ಕರೆ ಬೇಡ ಎಂದು ನೇರವಾಗಿ ಹೇಳಿ.

ಲಕ್ಷ್ಮೀನರಸಿಂಹನನ್ನು "ಉಗ್ರನರಸಿಂಹ" ಎಂದು ಪರಿಚಯಿಸುವುದು ರೂಢಿಯಾಗಿಬಿಟ್ಟಿದೆ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕಡೆಸಿದ, 6.7 ಮೀಟರ್ ಎತ್ತರದ ಈ ಮೂರ್ತಿಯ ತೊಡೆಯ ಮೇಲೆ ಲಕ್ಷ್ಮಿ ಕುಳಿತಿದ್ದಳು. ಅವಳ ಮೂರ್ತಿ ಒಡೆದುಹೋಗಿ, ಬಳಸಿ ಹಿಡಿದ ಕೈ ಮಾತ್ರ ನರಸಿಂಹನ ಬೆನ್ನಿಗೆ ಉಳಿದಿದೆ. ಈ ಒಂದು ಮಾತು ಹೇಳಿದರೆ ಇಡೀ ಮೂರ್ತಿಯ ಭಾವವೇ ಬೇರೆಯಾಗುತ್ತದೆ. ಕೃಷ್ಣ ದೇವಸ್ಥಾನದಲ್ಲೂ ಹಾಗೆಯೇ: ಕೃಷ್ಣದೇವರಾಯ ಉದಯಗಿರಿ ಕೋಟೆ ಗೆದ್ದು ತಂದ ಬಾಲಕೃಷ್ಣನ ಮೂರ್ತಿ ಈಗ ಚೆನ್ನೈ ಮ್ಯೂಸಿಯಂನಲ್ಲಿದೆ ಎಂದು ಹೇಳದಿದ್ದರೆ ಖಾಲಿ ಗರ್ಭಗುಡಿ ಬರೀ ಖಾಲಿ ಕೋಣೆ.

ಹೆಚ್ಚು ಅನ್ಯಾಯ ಆಗುವುದು ಹಜಾರರಾಮಕ್ಕೆ. ಟೂರಿನಲ್ಲಿ ಹತ್ತು ನಿಮಿಷ ಸಿಕ್ಕರೆ ಹೆಚ್ಚು, ಬೇಕಾದದ್ದು ಒಂದು ಗಂಟೆ. ಪ್ರಾಕಾರದ ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಆನೆಗಳ ಸಾಲು, ಅದರ ಮೇಲೆ ಕುದುರೆಗಳು, ಆಮೇಲೆ ಸೈನಿಕರು, ಕುಣಿಯುವವರು. ಮಹಾನವಮಿಯ ಮೆರವಣಿಗೆ ಕಲ್ಲಿನಲ್ಲಿ ನಡೆಯುತ್ತಿದೆ ಅನ್ನಿಸುತ್ತದೆ. ಒಳಗೆ ಗುಡಿಯ ಗೋಡೆಯಲ್ಲಿ ರಾಮಾಯಣ. ಬಾಲವನ್ನೇ ಸಿಂಬೆ ಸುತ್ತಿ ರಾವಣನಷ್ಟೇ ಎತ್ತರಕ್ಕೆ ಕುಳಿತ ಹನುಮಂತನನ್ನು ಮಕ್ಕಳಿಗೆ ಹುಡುಕಲು ಹೇಳಿ, ಅವರು ಅಲ್ಲಿಂದ ಕದಲುವುದಿಲ್ಲ.

ಮಹಾನವಮಿ ದಿಬ್ಬದ ಹತ್ತಿರದ ಕಪ್ಪುಕಲ್ಲಿನ ಮೆಟ್ಟಿಲು ಪುಷ್ಕರಣಿ ಸಿಕ್ಕಿದ್ದು 1980ರ ದಶಕದ ಉತ್ಖನನದಲ್ಲಿ. ಕಲ್ಲುಗಳ ಮೇಲೆ ದಿಕ್ಕು, ಸಾಲು, ಸ್ಥಾನ ಸೂಚಿಸುವ ಗುರುತುಗಳಿವೆ. ಅಂದರೆ ಬೇರೆಡೆ ಕಡೆದು, ಗುರುತು ಹಾಕಿ ತಂದು ಇಲ್ಲಿ ಜೋಡಿಸಿದ್ದು. ಸುತ್ತ ನೆರಳಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಕರೆತಂದರೆ ಈ ಗುರುತು ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆನೆಲಾಯ, ರಾಣಿ ಸ್ನಾನಗೃಹ ಬೇಗ ಮುಗಿದರೂ ನಷ್ಟವಿಲ್ಲ.

ಎರಡು ದಿನ ಇದ್ದರೆ ಟೂರು ಬಿಟ್ಟು ಆಟೋ ಗೊತ್ತುಮಾಡಿಕೊಳ್ಳಿ, ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡನ್ನು ಅರ್ಧ ದಿನಕ್ಕೆ ಮಾತಾಡಿ. ಒಪ್ಪುವ ಮೊದಲೇ "ಹಜಾರರಾಮದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ? ರಥ ಏಕಶಿಲೆಯೇ?" ಎಂದು ಕೇಳಿ, ಉತ್ತರದಲ್ಲೇ ಆಳು ಎಂಥವರೆಂದು ಗೊತ್ತಾಗುತ್ತದೆ. ಒಂದೇ ದಿನ ಎಂದರೆ ಮೊದಲು ಮ್ಯೂಸಿಯಂ, ನಂತರ ಹಜಾರರಾಮ ಮತ್ತು ಅರಮನೆ ಆವರಣ, ಮಧ್ಯಾಹ್ನ ವಿರೂಪಾಕ್ಷದ ನೆರಳು, ಬಿಸಿಲು ಇಳಿದ ಮೇಲೆ ವಿಠ್ಠಲ. ಅಲ್ಲಿ ವಾಹನ ನಿಲ್ಲಿಸುವ ಜಾಗದಿಂದ ಗುಡಿಗೆ ಹೋಗುವ ಬ್ಯಾಟರಿ ಗಾಡಿಯ ಸಾಲು ಉದ್ದವಿದ್ದರೆ ನಡೆದುಬಿಡಿ, ಸುಮಾರು ಒಂದು ಕಿಲೋಮೀಟರ್ ಅಷ್ಟೇ, ಗಾಡಿಯಲ್ಲಿ ತಪ್ಪಿಹೋಗುವ ಮಂಟಪಗಳೂ ದಾರಿಯಲ್ಲೇ ಸಿಗುತ್ತವೆ. ಭಾರತೀಯರಿಗೆ 40 ರೂಪಾಯಿಯ ಟಿಕೆಟ್ ಅದೇ ದಿನ ವಿಠ್ಠಲ, ಕಮಲ ಮಹಲಿನ ಆವರಣ, ಮ್ಯೂಸಿಯಂ ಮೂರಕ್ಕೂ ನಡೆಯುತ್ತದೆ. ಸಂಜೆಯವರೆಗೂ ಜೇಬಿನಲ್ಲೇ ಇರಲಿ.