ಎಡಿಎಂ-3ಎ, ವಿಟಿ52, ವಿಟಿ100: ನಿಧಾನದ ತಂತಿಯಲ್ಲಿ ಪರದೆ ತಿದ್ದುವಿಕೆ

ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವ ಆಸ್ಕಿ ಪಟ್ಟಿಯ 128 ಸ್ಥಾನಗಳಲ್ಲಿ 0ಯಿಂದ 31ರವರೆಗಿನವೂ 127ನೆಯದೂ ತೆರೆಯ ಮೇಲೆ ಅಕ್ಷರವಾಗಿ ಮೂಡುವುದಿಲ್ಲ. ಅವು ಟರ್ಮಿನಲ್‌ಗೆ, ಅಂದರೆ ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದ ಪರದೆ-ಕೀಲಿಮಣೆಗೆ, ಕೊಡುವ ಆಜ್ಞೆಗಳು. ಗಂಟೆ ಬಾರಿಸುವುದಕ್ಕೆ 7, ಹಿಂದೆ ಸರಿಯುವುದಕ್ಕೆ 8, ಮುಂದಿನ ಸಾಲಿಗೆ 10 ಎಂಬಷ್ಟರಲ್ಲಿ ಎಲ್ಲ ತಯಾರಕರೂ ಒಮ್ಮತದಿಂದಿದ್ದರು. ಕರ್ಸರನ್ನು ಬೇಕಾದ ಜಾಗಕ್ಕೆ ಒಯ್ಯುವ ಮತ್ತು ಸಾಲಿನ ಉಳಿದ ಭಾಗವನ್ನು ಅಳಿಸುವ ಕೆಲಸಕ್ಕೆ ಬಂದಾಗ ಮಾತ್ರ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಎಡಿಎಂ-3ಎ, ವಿಟಿ52, ವಿಟಿ100 ಎಂಬ ಹಳೆಯ ಟರ್ಮಿನಲ್‌ಗಳ ಅಂಥ ಮೂರು ದಾರಿಗಳನ್ನು ಬದಿಯಡ್ಕದ ಸಮೀಪದ ನಮ್ಮ ವಾಚನಾಲಯದ ಪುಸ್ತಕಪಟ್ಟಿಯ ಮೇಲೆ ಪ್ರಯೋಗಿಸಿ ನೋಡಿದೆ. ಈ ಟರ್ಮಿನಲ್‌ಗಳಿಗೆ ಕನ್ನಡವಾಗಲಿ ಮಲಯಾಳವಾಗಲಿ ತಿಳಿಯದಾದ್ದರಿಂದ ಪುಸ್ತಕಗಳ ಹೆಸರುಗಳನ್ನೆಲ್ಲ ರೋಮನ್ ಲಿಪಿಯಲ್ಲಿ ಬರೆದುಕೊಳ್ಳಬೇಕಾಯಿತು.

ಎರಡು ಹಳೆಯ ಕಂಪ್ಯೂಟರ್‌ಗಳನ್ನು ಸೀರಿಯಲ್ ಕೇಬಲಿನಿಂದ ಜೋಡಿಸಿ ವೇಗವನ್ನು 300 ಬಾಡ್‌ಗೆ, ಅಂದರೆ ಸೆಕೆಂಡಿಗೆ 300 ಬಿಟ್‌ಗಳಿಗೆ, ಇಳಿಸಿದೆ. ವಿಟಿ52 ಮತ್ತು ವಿಟಿ100ರ ಸಂಕೇತಗಳನ್ನು ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಅನುಕರಿಸುವ ಪ್ರೋಗ್ರಾಂ ಅರ್ಥಮಾಡಿಕೊಳ್ಳುತ್ತದೆ. ಎಡಿಎಂ-3ಎಗಾಗಿ ಅದರ ಆಜ್ಞೆಗಳನ್ನು ಪಾಲಿಸುವ ಚಿಕ್ಕದೊಂದು ಪ್ರೋಗ್ರಾಂ ಬರೆದೆ. ಒಂದು ಅಕ್ಷರಕ್ಕೆ ಹತ್ತು ಬಿಟ್‌ಗಳಂತೆ ಈ ವೇಗದಲ್ಲಿ ಸೆಕೆಂಡಿಗೆ 30 ಅಕ್ಷರಗಳು ಮಾತ್ರ ಹರಿಯುವುದರಿಂದ 24 ಸಾಲು, 80 ಅಂಕಣಗಳ ಪರದೆ ಪೂರ್ತಿ ತುಂಬಲು 64 ಸೆಕೆಂಡು ಹಿಡಿಯುತ್ತದೆ.

ಕರ್ಸರ್ ಸ್ಥಳಾಂತರದಲ್ಲಿ ಹಳೆಯವೆರಡೇ ಮುಂದೆ. 1976ರ ಎಡಿಎಂ-3ಎಯಲ್ಲಿ ಎಸ್ಕೇಪ್ (ಆಸ್ಕಿಯ 27ನೆಯ ಸಂಕೇತ) ಮತ್ತು ಸಮಚಿಹ್ನೆ, 1975ರ ವಿಟಿ52ರಲ್ಲಿ ಎಸ್ಕೇಪ್ ಮತ್ತು ವೈ ಅಕ್ಷರ. ಅದರ ಬೆನ್ನಿಗೆ ಸಾಲು ಹಾಗೂ ಅಂಕಣಗಳನ್ನು ಸೂಚಿಸುವ ಒಂದೊಂದು ಅಕ್ಷರ ಬಂದರೆ ನಾಲ್ಕೇ ಬೈಟ್‌ಗಳಲ್ಲಿ ಕೆಲಸ ಮುಗಿಯುತ್ತದೆ. ಸೊನ್ನೆಯಿಂದ ಎಣಿಸಿದ ಸ್ಥಾನಕ್ಕೆ 32 ಕೂಡಿಸಿ ಅಕ್ಷರವನ್ನಾಗಿ ಕಳುಹಿಸಬೇಕಾದುದರಿಂದ, ತಪ್ಪು ಹುಡುಕಲು ಕುಳಿತವನಿಗೆ ಆ ಸಾಲುಗಳು ಗೂಢಲಿಪಿಯಂತೆ ಕಾಣುತ್ತವೆ. 1978ರ ವಿಟಿ100 ಅನ್ಸಿ ಎಂಬ ಅಮೆರಿಕದ ಮಾನಕ ಸಂಸ್ಥೆಯ ಮಾದರಿಯನ್ನು ಅನುಸರಿಸಿ ದಶಮಾಂಶ ಅಂಕೆಗಳನ್ನೇ ಬಳಸುತ್ತದೆ. ಹತ್ತನೆಯ ಸಾಲಿನ ಇಪ್ಪತ್ತನೆಯ ಅಂಕಣಕ್ಕೆ ಹೋಗಲು ಅದಕ್ಕೆ ಎಂಟು ಬೈಟ್‌ಗಳು ಬೇಕಾದರೂ ಬರೆದದ್ದನ್ನು ಕಣ್ಣಿನಿಂದಲೇ ಓದಬಹುದು.

ಅಳಿಸುವ ಪ್ರಶ್ನೆ ಬಂದಾಗ ಎಡಿಎಂ-3ಎ ಸೋಲುತ್ತದೆ. ಕಂಟ್ರೋಲ್-ಝಡ್‌ನ ಒಂದೇ ಬೈಟಿನಿಂದ ಇಡೀ ಪರದೆಯನ್ನು ಅದು ಬರಿದು ಮಾಡಬಲ್ಲುದು. ಸಾಲಿನ ಕೊನೆಯವರೆಗೆ ಅಳಿಸುವ ಆಜ್ಞೆ ಮಾತ್ರ ಅದರಲ್ಲಿಲ್ಲ. ಇಪ್ಪತ್ತನೆಯ ಅಂಕಣದಿಂದ ಮುಂದಿನದನ್ನು ತೆಗೆಯಲು 61 ಖಾಲಿ ಜಾಗಗಳನ್ನು ಕಳುಹಿಸಿ ಎರಡು ಸೆಕೆಂಡು ಕಾಯಬೇಕು. ಇದೇ ಕೆಲಸಕ್ಕೆ ವಿಟಿ52ರಲ್ಲಿ ಎರಡು, ವಿಟಿ100ರಲ್ಲಿ ಮೂರು ಬೈಟ್‌ಗಳು ಸಾಕು.

ನಿಜವಾದ ವ್ಯತ್ಯಾಸ ಕಂಡದ್ದು ಪಟ್ಟಿಯ ನಡುವಿನಿಂದ ಒಂದು ಪುಸ್ತಕವನ್ನು ಕಿತ್ತುಹಾಕಿದಾಗ. ಸಾಲನ್ನು ಅಳಿಸಿ ಕೆಳಗಿನವನ್ನು ಮೇಲಕ್ಕೆ ಸರಿಸುವ ನೇರ ಆಜ್ಞೆ ಈ ಮೂರರಲ್ಲಿಯೂ ಇಲ್ಲ. ಹತ್ತನೆಯ ಸಾಲನ್ನು ತೆಗೆದರೆ ಮೊದಲಿನೆರಡರಲ್ಲಿ ಅಲ್ಲಿಂದ ಕೆಳಗಿನ 15 ಸಾಲುಗಳನ್ನೂ ಮತ್ತೆ ಬರೆಯಬೇಕು. ಸಾಲುಗಳು ತುಂಬಿದ್ದರೆ 1200 ಅಕ್ಷರಗಳು, 40 ಸೆಕೆಂಡುಗಳು. ವಿಟಿ100ರಲ್ಲಾದರೋ 10ರಿಂದ 24ನೆಯ ಸಾಲಿನವರೆಗಿನ ಭಾಗವನ್ನಷ್ಟೇ ಸುರುಳುವ ವಲಯವೆಂದು ಗೊತ್ತುಪಡಿಸಿ, ಕರ್ಸರನ್ನು ತಳಕ್ಕೆ ಒಯ್ದು, ಒಂದು ಸಾಲಿಳಿಕೆ ಕಳುಹಿಸಿ, ವಲಯದ ಗಡಿಯನ್ನು ರದ್ದುಪಡಿಸಿದರೆ ಒಟ್ಟು 17 ಬೈಟ್‌ಗಳಾಗುತ್ತವೆ. ತಳದಲ್ಲಿ ಖಾಲಿಯಾದ ಒಂದು ಸಾಲನ್ನು ತುಂಬುವುದಷ್ಟೇ ಉಳಿಯುತ್ತದೆ. ಎಂಟು ಬೈಟ್‌ಗಳ ದುಂದುಗಾರಿಕೆಯ ಬಗ್ಗೆ ಮೊದಲು ಗೊಣಗಿಕೊಂಡವನು ಇಲ್ಲಿ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ.

ಕೀಲಿಗಳ ವಿಷಯದಲ್ಲಿ ನನ್ನ ಒಲವು ಎಡಿಎಂ-3ಎಯ ಕಡೆಗೇ. ಅದರ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲಿದ್ದವು. ಪ್ರೋಗ್ರಾಮರ್ ಬಿಲ್ ಜಾಯ್ ವಿಐ ಎಂಬ ಪಠ್ಯ ತಿದ್ದುವ ಎಡಿಟರನ್ನು ಈ ಟರ್ಮಿನಲ್‌ನಲ್ಲಿ ರೂಪಿಸಿದ್ದರಿಂದ ವಿಐಯಲ್ಲಿ ಆ ಅಕ್ಷರಗಳು ಇಂದಿಗೂ ಅದೇ ಕೆಲಸ ಮಾಡುತ್ತಿವೆ. ಎಡಿಎಂ-3ಎಯಲ್ಲಿ ಈ ಕೀಲಿಗಳೊಡನೆ ಕಂಟ್ರೋಲ್ ಒತ್ತಿ ಕರ್ಸರ್ ಸರಿಸಿದರೆ ಒಂದೇ ಬೈಟ್ ಹೊರಡುತ್ತದೆ. ವಿಟಿ52ರ ಮೇಲ್ಬಾಣವು ಎಸ್ಕೇಪ್ ಮತ್ತು ಎ ಅಕ್ಷರಗಳನ್ನು ಕಳುಹಿಸುವುದರಿಂದ, ಬಂದದ್ದು ಬಾಣವೋ, ಬಳಕೆದಾರನೇ ಎಸ್ಕೇಪ್ ಒತ್ತಿ ಬಳಿಕ ಎ ಒತ್ತಿದನೋ ಎಂಬುದನ್ನು ಪ್ರೋಗ್ರಾಂ ಕ್ಷಣಹೊತ್ತು ಕಾದು ತೀರ್ಮಾನಿಸಬೇಕು. ವಿಟಿ100ರಲ್ಲೂ ಈ ತೊಡಕು ತಪ್ಪಿಲ್ಲ.

9600 ಬಾಡ್‌ಗೆ ಏರಿಸಿದಾಗ ಆ 40 ಸೆಕೆಂಡುಗಳು ಒಂದೂಕಾಲಕ್ಕೆ ಇಳಿದವು; ಹಾಗಿದ್ದರೂ ಪರದೆಯ ಕೆಳಭಾಗ ಪ್ರತಿ ಬಾರಿ ಮತ್ತೆ ಬರೆಯಲ್ಪಡುವುದು ಕಣ್ಣಿಗೆ ಹಿತವೆನಿಸಲಿಲ್ಲ. ಹೀಗಾಗಿ ವಾಚನಾಲಯದ ಪಟ್ಟಿಗೆ ವಿಟಿ100ರ ಸಂಕೇತಗಳನ್ನೇ ಉಳಿಸಿಕೊಂಡು, ಕರ್ಸರ್ ಚಲನೆಗೆ ಮಾತ್ರ ಎಡಿಎಂ-3ಎಯ ನಾಲ್ಕು ಅಕ್ಷರಗಳನ್ನು ಇಟ್ಟುಕೊಂಡಿದ್ದೇನೆ.